ಮೊದಲ ಸುತ್ತಿಗೇ ಹೋಗಿ

ಮಕ್ಕಳೇ, ಈ ವಾರ ಮೊದಲು ಒಂದು ಲೆಕ್ಕ. ನೀವು ಪೆನ್ಸಿಲ್ ತೆಗೆದುಕೊಳ್ಳಿ. ತಾತಂದಿರು, ಅಜ್ಜಿಯರು ಬಾಯಿಲೆಕ್ಕದಲ್ಲೇ ಮಾಡಲಿ, ಯಾರು ಮೊದಲು ಹೇಳುತ್ತಾರೋ ನೋಡೋಣ.

ಒಂದು ಫುಟ್‌ಬಾಲ್ ಪಂದ್ಯಾವಳಿಗೆ 64 ತಂಡಗಳು ಹೆಸರು ಕೊಟ್ಟಿವೆ. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಸಮಸಮ ಆದರೆ ಪೆನಾಲ್ಟಿ ಒದ್ದು ಅಂದೇ ತೀರ್ಮಾನ. ಕಪ್ ಯಾರ ಕೈಗೆ ಎಂದು ಗೊತ್ತಾಗುವ ಹೊತ್ತಿಗೆ ಒಟ್ಟು ಎಷ್ಟು ಆಟಗಳು ನಡೆದಿರುತ್ತವೆ?

ನಿಮ್ಮಲ್ಲಿ ಬಹಳ ಮಂದಿ 32, 16, 8, 4, 2, 1 ಎಂದು ಬರೆದುಕೊಂಡು ಕೂಡಿಸುತ್ತೀರಿ. 63 ಬರುತ್ತದೆ. ಉತ್ತರ ಸರಿ. ಆದರೆ ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತೈದು ವರ್ಷ ಕೂತವನಿಗೆ ಕೂಡಿಸುವ ಕೆಲಸ ತಪ್ಪಿಸಿಕೊಳ್ಳುವ ದಾರಿಗಳೂ ಗೊತ್ತಿರುತ್ತವೆ. ಒಂದು ಆಟ ಮುಗಿದರೆ ಒಂದು ತಂಡ ಹೊರಗೆ. ಕಪ್ ಗೆಲ್ಲುವುದು ಒಂದೇ ತಂಡ. ಹಾಗಾದರೆ ಉಳಿದ 63 ತಂಡಗಳು ಒಂದೊಂದು ಸಲ ಸೋಲಲೇಬೇಕು. 63 ಸೋಲಿಗೆ 63 ಆಟ. ಮುಗಿಯಿತು ಲೆಕ್ಕ.

ಈಗ ಅದೇ ಪುಟವನ್ನು ಇನ್ನೊಮ್ಮೆ ನೋಡಿ. ಮೊದಲ ಸುತ್ತಿನಲ್ಲೇ 32 ತಂಡಗಳು ಚೀಲ ಕಟ್ಟಿ ಬಸ್ಸು ಹತ್ತಿದವು. ಅಂದರೆ ಬಂದವರಲ್ಲಿ ಅರ್ಧಕ್ಕರ್ಧ ಜನ ಆಡಿದ್ದು ಒಂದೇ ಒಂದು ಆಟ. ಫೈನಲ್ ದಿನ ಶಾಮಿಯಾನ ಇರುತ್ತದೆ, ಮೈಕು ಇರುತ್ತದೆ, ಶಾಲು ಹೊದೆಸಿಕೊಳ್ಳುವ ಅತಿಥಿಗಳು ಇರುತ್ತಾರೆ. ಮೊದಲ ಸುತ್ತಿನ ದಿನ ಮೈದಾನದ ಅಂಚಿನಲ್ಲಿ ನಿಂತಿರುವವರು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯ ಜನರ ಬಗ್ಗೆ ಈ ವಾರದ ಮಾತು. ನಾನೂ ಅದೇ ಗುಂಪಿನವನು.

ಫುಟ್‌ಬಾಲ್ ನೋಡಲು ನಾನು ಕಲಿತದ್ದು ಬೆಂಗಳೂರಿನ ಅಶೋಕನಗರದ ಸ್ಟೇಡಿಯಮ್ಮಿನಲ್ಲಿ. ಐಟಿಐ, ಎಚ್‌ಎಎಲ್ ತಂಡಗಳ ಆಟ ಇದ್ದರೆ ಬ್ಯಾಂಕು ಮುಗಿಸಿ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ. ಆದರೆ ಇವತ್ತು ಹೇಳುವ ತಂಡ ಇಲ್ಲಿಯದಲ್ಲ. ಇಂಗ್ಲೆಂಡಿನಲ್ಲಿ ಹೆರಿಫರ್ಡ್ ಎಂಬ ಊರಿದೆ. ದನಗಳಿಗೆ, ಸೇಬಿಗೆ ಹೆಸರಾದ ಊರು. ಕೆಂಪು ಮೈ, ಬಿಳಿ ಮುಖದ ಹೆರಿಫರ್ಡ್ ತಳಿಯ ಹೋರಿಯನ್ನು ದನಗಳ ಬಗ್ಗೆ ತಿಳಿದವರು ಜಗತ್ತಿನ ಯಾವ ಮೂಲೆಯಲ್ಲಿ ಕಂಡರೂ ಗುರುತಿಸುತ್ತಾರೆ. ಊರಿನ ಫುಟ್‌ಬಾಲ್ ತಂಡಕ್ಕೆ ‘ಬುಲ್ಸ್’ ಎಂದೇ ಅಡ್ಡಹೆಸರು. ದೊಡ್ಡ ಆಟಗಳಿಗೆ ಮುಂಚೆ ನಿಜವಾದ ಹೋರಿಯನ್ನೇ ಹಗ್ಗ ಹಿಡಿದು ಮೈದಾನದ ಸುತ್ತ ನಡೆಸುವ ಪದ್ಧತಿ ಅಲ್ಲಿಯದು. ನಮ್ಮ ಸಂಕ್ರಾಂತಿಯ ದನಗಳ ಮೆರವಣಿಗೆ ನೆನಪಾಗುತ್ತದೆ ಅಲ್ಲವೇ? ಕಿಚ್ಚು ಹಾಯಿಸುವುದಿಲ್ಲ, ಅಷ್ಟೇ.

ನನ್ನ ಮಗಳ ಸಂಸಾರ ಇರುವುದು ಆ ಊರಿನಲ್ಲಿ. 2019ರಲ್ಲಿ ಕೆಲವು ತಿಂಗಳು ಅವರ ಜೊತೆ ಇದ್ದೆ. ಒಂದು ಶನಿವಾರ ಮಧ್ಯಾಹ್ನ ಮೊಮ್ಮಗನ ಕೈ ಹಿಡಿದು ಎಡ್ಗರ್ ಸ್ಟ್ರೀಟ್ ಎಂಬ ಅವರ ಮೈದಾನಕ್ಕೆ ಹೋದೆ. ಆಟ ಹೇಳಿಕೊಳ್ಳುವಂಥದ್ದೇನಲ್ಲ. ಚಳಿ ಮಾತ್ರ ಹೇಳಿಕೊಳ್ಳುವಂಥದ್ದು. ಪಕ್ಕದಲ್ಲಿ ನಿಂತಿದ್ದ ಒಬ್ಬರು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರಿರಬೇಕು, ಮೊಮ್ಮಗನಿಗೆ ಚಿಪ್ಸ್ ಕೊಡುತ್ತಾ ಕೇಳಿದರು, ‘1972 ಗೊತ್ತಾ ನಿನಗೆ?’ ಅವನು ತಲೆಯಾಡಿಸಿದ. ನನಗೂ ಗೊತ್ತಿರಲಿಲ್ಲ. ವಿರಾಮದ ಹೊತ್ತಿನಲ್ಲಿ ಶುರುವಾದ ಅವರ ಕಥೆ ಆಟ ಮುಗಿದರೂ ಮುಗಿಯಲಿಲ್ಲ. ಆವತ್ತಿನಿಂದ ನಾನೂ ಹೆರಿಫರ್ಡ್ ಕಡೆಯವನಾದೆ.

ಕಥೆ ಹೇಳುವ ಮುಂಚೆ ಆ ಕಪ್ ಬಗ್ಗೆ ಎರಡು ಮಾತು. ಇಂಗ್ಲೆಂಡಿನ ಎಫ್‌ಎ ಕಪ್ ಎಂದರೆ ‘ಸೋತರೆ ಮನೆಗೆ’ ಪಂದ್ಯಾವಳಿಗಳಿಗೆಲ್ಲ ಮುತ್ತಜ್ಜ. 1871ರಲ್ಲಿ ಶುರುವಾದಾಗ 15 ತಂಡಗಳು ಹೆಸರು ಕೊಟ್ಟಿದ್ದವು. ಈಗ ಪ್ರತಿವರ್ಷ 700ಕ್ಕೂ ಹೆಚ್ಚು. ಟಿವಿಯಲ್ಲಿ ಕಾಣುವ ಕೋಟ್ಯಧಿಪತಿ ಕ್ಲಬ್ಬುಗಳೂ ಅದರಲ್ಲಿವೆ, ವಾರವಿಡೀ ಬೇರೆ ಕೆಲಸ ಮಾಡಿ ಶನಿವಾರ ಬೂಟು ಕಟ್ಟುವವರ ತಂಡಗಳೂ ಇವೆ. ಸಣ್ಣವರು ಆಗಸ್ಟ್‌ನಲ್ಲೇ ಶುರು ಮಾಡುತ್ತಾರೆ. ನವೆಂಬರ್‌ನಲ್ಲಿ ‘ಮೊದಲ ಸುತ್ತು’ ಎಂದು ಕರೆಯುತ್ತಾರಲ್ಲ, ಅಷ್ಟು ಹೊತ್ತಿಗೆ ಆರು ಸುತ್ತುಗಳ ಜರಡಿ ಮುಗಿದಿರುತ್ತದೆ! ಅತಿ ದೊಡ್ಡ ತಂಡಗಳು ಬರುವುದು ಜನವರಿಯ ಮೂರನೇ ಸುತ್ತಿಗೆ.

ಯಾರಿಗೆ ಯಾರು ಎದುರಾಳಿ ಎಂಬುದು ಚೀಟಿ ಎತ್ತಿದ ಹಾಗೆ. ಸಂಖ್ಯೆ ಬರೆದ ಚೆಂಡುಗಳನ್ನು ಒಂದೊಂದಾಗಿ ಎತ್ತುತ್ತಾರೆ. ಮೊದಲು ಬಂದ ಸಂಖ್ಯೆಯವರ ಊರಲ್ಲಿ ಆಟ. ದೊಡ್ಡವರಿಗೆ ಬೇರೆ ಪಂಕ್ತಿ, ಚಿಕ್ಕವರಿಗೆ ಬೇರೆ ಪಂಕ್ತಿ ಎಂಬುದಿಲ್ಲ. ಅದೃಷ್ಟ ಇದ್ದರೆ ಸಣ್ಣ ಊರಿನ ಕೆಸರಿನ ಮೈದಾನಕ್ಕೆ ದೇಶದ ದೊಡ್ಡ ತಂಡವೇ ಬಂದು ನಿಲ್ಲಬೇಕಾಗುತ್ತದೆ. ಟಿಕೆಟಿನ ಹಣದಲ್ಲಿ ಇಬ್ಬರಿಗೂ ಪಾಲು. ಸಣ್ಣ ಕ್ಲಬ್ಬಿನ ಖಜಾಂಚಿ ಅಂಥ ಒಂದು ಆಟಕ್ಕಾಗಿ ವರ್ಷವೆಲ್ಲ ದೇವರಿಗೆ ಕೈ ಮುಗಿಯುತ್ತಾನೆ. ಖಜಾಂಚಿಯ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು 1972ಕ್ಕೆ ಬರೋಣ. ನಾನು ಬ್ಯಾಂಕಿಗೆ ಹೊಸದಾಗಿ ಸೇರಿದ್ದ ಕಾಲ ಅದು. ಹೆರಿಫರ್ಡ್ ಆಗ ಇಂಗ್ಲೆಂಡಿನ ನಾಲ್ಕು ಮುಖ್ಯ ದರ್ಜೆಗಳಲ್ಲಿ ಯಾವುದಕ್ಕೂ ಸೇರಿರಲಿಲ್ಲ. ಸದರ್ನ್ ಲೀಗ್ ಎಂಬ ಪ್ರಾದೇಶಿಕ ಪಂದ್ಯಾವಳಿಯ ತಂಡ. ಎರಡನೇ ಸುತ್ತಿನಲ್ಲಿ ನಾರ್ಥಾಂಪ್ಟನ್ ತಂಡವನ್ನು ದಾಟಲು ಅವರಿಗೆ ಮೂರು ಆಟ ಬೇಕಾದವು. ಆಗ ಸಮಸಮವಾದರೆ ಪೆನಾಲ್ಟಿ ಇಲ್ಲ, ಇನ್ನೊಂದು ದಿನ ಮತ್ತೆ ಆಟ. ಮೂರನೇ ಸುತ್ತಿನಲ್ಲಿ ಎದುರಾದದ್ದು ನ್ಯೂಕಾಸಲ್. ಮೊದಲ ದರ್ಜೆಯ ತಂಡ, ದೇಶಕ್ಕೆ ಆಡಿದವರು ತುಂಬಿದ ತಂಡ. ಜೊತೆಗೆ ಮಾಲ್ಕಮ್ ಮ್ಯಾಕ್‌ಡೊನಾಲ್ಡ್ ಎಂಬ ಗೋಲಿನ ಯಂತ್ರ.

ಮೊದಲ ಆಟ ನ್ಯೂಕಾಸಲ್‌ನಲ್ಲಿ, ಜನವರಿ 24ರಂದು. ಆಟ ಶುರುವಾಗಿ 17 ಸೆಕೆಂಡಿಗೆ ಹೆರಿಫರ್ಡಿನ ಬ್ರಯನ್ ಓವನ್ ಗೋಲು ಹೊಡೆದ. ಕೊನೆಗೆ 2-2. ಮರುಪಂದ್ಯ ಹೆರಿಫರ್ಡಿನಲ್ಲಿ. ಆದರೆ ಮಳೆ. ಮೈದಾನ ನಮ್ಮ ನಾಟಿ ಗದ್ದೆಯ ಹಾಗೆ. ಒಂದಲ್ಲ, ಹಲವು ಸಲ ಮುಂದೂಡಿದರು. ನ್ಯೂಕಾಸಲ್‌ನವರು ಹೋಟೆಲ್ಲಿನಲ್ಲಿ ಕೂತು ಕೂತು ಬೇಸತ್ತರು. ಕೊನೆಗೂ ಆಟ ನಡೆದದ್ದು ಫೆಬ್ರವರಿ 5ರ ಶನಿವಾರ. ಬೇರೆ ತಂಡಗಳು ಅಂದು ನಾಲ್ಕನೇ ಸುತ್ತು ಆಡುತ್ತಿದ್ದವು, ಇವರದ್ದಿನ್ನೂ ಮೂರನೆಯದು!

ಲೆಕ್ಕದ ಪುಸ್ತಕದ ಪ್ರಕಾರ ಅಂದು ಬಂದ ಜನ 14,313. ಟಿಕೆಟ್ ಸಿಗದವರು ಸುತ್ತಲಿನ ಮರಗಳ ಮೇಲೆ, ದೀಪದ ಕಂಬಗಳ ಮೇಲೆ. ನ್ಯೂಕಾಸಲ್‌ನವರು ಒದ್ದ ಚೆಂಡು ಗೋಲುಕಂಬಕ್ಕೆ ಬಡಿಯಿತು, ಗೋಲ್‌ಕೀಪರ್ ಫ್ರೆಡ್ ಪಾಟರ್ ಒಂದಾದ ಮೇಲೊಂದು ತಡೆದ. ರೋಜರ್ ಗ್ರಿಫಿತ್ಸ್ ಎಂಬ ಆಟಗಾರ ಕಾಲಿನ ಮೂಳೆ ಮುರಿದಿದ್ದರೂ ಆಡುತ್ತಲೇ ಇದ್ದ. 82ನೇ ನಿಮಿಷದಲ್ಲಿ ಮ್ಯಾಕ್‌ಡೊನಾಲ್ಡ್ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿದ. 0-1. ಉಳಿದದ್ದು ಎಂಟು ನಿಮಿಷ.

ಅಂಥ ಹೊತ್ತಿನಲ್ಲಿ ಅಭಿಮಾನಿಯ ಸ್ಥಿತಿ ಹೇಗಿರುತ್ತದೆ ಗೊತ್ತೇ? ಬಾಯಿ ‘ಪರವಾಗಿಲ್ಲ, ಚೆನ್ನಾಗಿ ಆಡಿದರು’ ಅನ್ನುತ್ತದೆ. ಕಾಲು ಮಾತ್ರ ಬಾಗಿಲ ಕಡೆ ತಿರುಗುವುದಿಲ್ಲ.

ಆಗ ರಾನಿ ರಾಡ್‌ಫರ್ಡ್‌ಗೆ ಚೆಂಡು ಸಿಕ್ಕಿತು. ಅವನು ಮರಗೆಲಸದವನು, ಫುಟ್‌ಬಾಲ್ ಅವನ ಅರ್ಧ ಹೊತ್ತಿನ ಉದ್ಯೋಗ. ಕೆಸರಿನಲ್ಲಿ ಕಿತ್ತಾಡಿ ಚೆಂಡು ಗೆದ್ದ, ಓವನ್‌ಗೆ ಕೊಟ್ಟ, ಅವನು ತಿರುಗಿಸಿ ಕೊಟ್ಟ. ಗೋಲಿಗೆ ಸುಮಾರು 30 ಗಜ ದೂರ. ಆ ಕೆಸರಿನಲ್ಲಿ ಚೆಂಡು ಉರುಳುವುದೇ ಕಷ್ಟ. ಅದು ಪುಟಿದು ಸರಿಯಾದ ಎತ್ತರಕ್ಕೆ ಬಂತು. ಬೀಸಿ ಒದ್ದ. ಚೆಂಡು ಗಾಳಿಯಲ್ಲೇ ಹೋಗಿ ಬಲೆಯ ಮೇಲಿನ ಮೂಲೆಗೆ ಬಿತ್ತು. ಟೊಪ್ಪಿಯ ಜಾಕೆಟ್ ತೊಟ್ಟ ನೂರಾರು ಹುಡುಗರು ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಅವರನ್ನು ಹೊರಗೆ ಕಳಿಸಿ ಆಟ ಮುಂದುವರಿಸಿದಾಗ, ಹೆಚ್ಚುವರಿ ಸಮಯದ 103ನೇ ನಿಮಿಷದಲ್ಲಿ ರಿಕಿ ಜಾರ್ಜ್ ಇನ್ನೊಂದು ಗೋಲು ಹೊಡೆದ. ಅವನು ಬಂದಿದ್ದು ಮೂಳೆ ಮುರಿದ ಗ್ರಿಫಿತ್ಸ್‌ನ ಬದಲಿಗೆ. ಹೆರಿಫರ್ಡ್ 2, ನ್ಯೂಕಾಸಲ್ 1. ಮುಖ್ಯ ದರ್ಜೆಗಳ ಹೊರಗಿನ ತಂಡವೊಂದು ಮೊದಲ ದರ್ಜೆಯ ತಂಡವನ್ನು ಸೋಲಿಸಿದ್ದು 1949ರ ನಂತರ ಅದೇ ಮೊದಲು.

ಎಡ್ಗರ್ ಸ್ಟ್ರೀಟ್‌ನಲ್ಲಿ ನನಗೆ ಕಥೆ ಹೇಳಿದವರು ಆಗ ಹನ್ನೊಂದು ವರ್ಷದ ಹುಡುಗ, ಆ ಜಾಕೆಟ್ಟಿನ ಗುಂಪಿನಲ್ಲಿ ಒಬ್ಬರು. ‘ಆ ಗೋಲು ನೋಡೋಕೆ ಹೇಗಿತ್ತು?’ ಎಂದು ಕೇಳಿದೆ. ಅವರು ನಕ್ಕರು. ‘ನಾನು ಗೋಲು ನೋಡಲೇ ಇಲ್ಲ. ಮುಂದೆ ನಿಂತಿದ್ದವರ ಬೆನ್ನು ನೋಡಿದೆ. ಕೂಗು ಕೇಳಿಸಿತು, ಎಲ್ಲರೂ ಓಡಿದರು, ನಾನೂ ಓಡಿದೆ. ಗೋಲು ನೋಡಿದ್ದು ರಾತ್ರಿ ಮನೆಗೆ ಹೋಗಿ, ಟಿವಿಯಲ್ಲಿ.’ ಆಮೇಲೆ ಮೈದಾನದ ಸುತ್ತ ಕೈ ತೋರಿಸಿ ಹೇಳಿದರು, ‘ಹದಿನಾಲ್ಕು ಸಾವಿರ ಜನ ಇದ್ದೆವು. ಈಗ ಕೇಳಿದರೆ ಐವತ್ತು ಸಾವಿರ ಜನ ನಾನಿದ್ದೆ ಅನ್ನುತ್ತಾರೆ!’

ಹೆರಿಫರ್ಡ್ ಆ ವರ್ಷ ಕಪ್ ಗೆದ್ದಿತೇ ಎಂದು ಕೇಳುತ್ತೀರಿ. ಇಲ್ಲ. ನಾಲ್ಕನೇ ಸುತ್ತಿನಲ್ಲಿ ವೆಸ್ಟ್ ಹ್ಯಾಮ್ ಜೊತೆ 0-0, ಮರುಪಂದ್ಯದಲ್ಲಿ 1-3. ಮನೆಗೆ. ಆದರೆ ಆ ಬೇಸಿಗೆಯಲ್ಲಿ ಹೆರಿಫರ್ಡನ್ನು ನಾಲ್ಕನೇ ದರ್ಜೆಗೆ ಸೇರಿಸಿಕೊಂಡರು. ಆಗ ಅದಕ್ಕೆ ಕ್ಲಬ್ಬುಗಳು ಮತ ಹಾಕುತ್ತಿದ್ದವು. ಒಬ್ಬರು ಒಳಗೆ ಬಂದರೆ ಒಬ್ಬರು ಹೊರಗೆ ಹೋಗಬೇಕಲ್ಲ? ಹೊರಗೆ ಹೋದದ್ದು ಬ್ಯಾರೊ ಎಂಬ ಊರಿನ ತಂಡ. ಅವರು ವಾಪಸು ಬಂದದ್ದು 2020ರಲ್ಲಿ, 48 ವರ್ಷಗಳ ಮೇಲೆ. ಜಮಾ ಬರೆದ ಕಡೆ ಖರ್ಚನ್ನೂ ಬರೆಯಬೇಕು. ಹೆರಿಫರ್ಡಿನ ಸಂತೋಷದ ಕಥೆ ಹೇಳುವಾಗ ಬ್ಯಾರೊ ಅಭಿಮಾನಿಗಳನ್ನೂ ನೆನೆಯುವುದು ನ್ಯಾಯ. ಅರ್ಧ ಶತಮಾನ ಕಾದವರು ಅವರು.

ಹೆರಿಫರ್ಡಿಗೂ ಕೆಟ್ಟ ಕಾಲ ಬಂತು. ಸಾಲ ಬೆಳೆಯಿತು, ಕೊಡಬೇಕಾದವರಿಗೆ ಕೊಡಲಾಗಲಿಲ್ಲ. 2014ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಕ್ಲಬ್ಬನ್ನು ಮುಚ್ಚಿಸಿತು. ಮಕ್ಕಳೇ, ಅಂಗಡಿ ಮುಚ್ಚಿದರೆ ಗಿರಾಕಿ ಇನ್ನೊಂದು ಅಂಗಡಿಗೆ ಹೋಗುತ್ತಾನೆ. ಬ್ಯಾಂಕು ಮುಚ್ಚಿದರೆ ಖಾತೆ ಬೇರೆ ಕಡೆ ತೆರೆಯುತ್ತಾನೆ. ಹೆರಿಫರ್ಡಿನ ಜನ ಬೇರೆ ಊರಿನ ತಂಡದ ಅಭಿಮಾನಿಗಳಾಗಲಿಲ್ಲ. ಕೈಯಿಂದ ದುಡ್ಡು ಹಾಕಿದರು, ಅದೇ ಎಡ್ಗರ್ ಸ್ಟ್ರೀಟ್ ಮೈದಾನದಲ್ಲಿ ಹೆರಿಫರ್ಡ್ ಎಫ್‌ಸಿ ಎಂಬ ಹೊಸ ಕ್ಲಬ್ ಕಟ್ಟಿದರು. ಶುರುಮಾಡಬೇಕಾದದ್ದು ಏಣಿಯ ಒಂಬತ್ತನೇ ಮೆಟ್ಟಿಲಿನಿಂದ. 2015ರಲ್ಲಿ ಆಡಲು ಶುರು ಮಾಡಿ, ಮೂರು ವರ್ಷಗಳಲ್ಲಿ ಮೂರು ಮೆಟ್ಟಿಲು ಹತ್ತಿ ಆರನೆಯದಕ್ಕೆ ಬಂದರು. ನಾನು 2019ರಲ್ಲಿ ನೋಡಿದ್ದು ಈ ಹೊಸ ತಂಡವನ್ನು. ಪಕ್ಕದಲ್ಲಿ ನಿಂತಿದ್ದವರು ಹಳೆಯವರೇ.

ಈಗ ನನ್ನ ಮೊಮ್ಮಗನ ಆಟಕ್ಕೆ ಬರುತ್ತೇನೆ. 2022ರ ನವೆಂಬರ್ 4, ಶುಕ್ರವಾರ ರಾತ್ರಿ. ಎಫ್‌ಎ ಕಪ್ ಮೊದಲ ಸುತ್ತು, ಹೆರಿಫರ್ಡಿಗೆ ಪೋರ್ಟ್ಸ್‌ಮತ್ ಎದುರಾಳಿ. ಇವರು ಆರನೇ ಮೆಟ್ಟಿಲು, ಅವರು ಮೂರನೇ ಮೆಟ್ಟಿಲು. 1939ರಲ್ಲಿ ಮತ್ತು 2008ರಲ್ಲಿ ಇದೇ ಕಪ್ ಗೆದ್ದವರು. ಆಟಕ್ಕೆ ಎರಡು ದಿನ ಮುಂಚೆ, ನವೆಂಬರ್ 2ರಂದು, ರಾನಿ ರಾಡ್‌ಫರ್ಡ್ ತೀರಿಕೊಂಡರು. ವಯಸ್ಸು 79. ಅವರ ಆ ಗೋಲಿಗೆ ಸರಿಯಾಗಿ 50 ವರ್ಷ ತುಂಬಿದ ವರ್ಷ, ಅದೇ ಊರಿನಲ್ಲಿ, ಅದೇ ಕಪ್ಪಿನ ಆಟ. ಇನ್ನೊಂದು 1972 ಆಗಬಾರದೇ ಎಂದು ಬೆಂಗಳೂರಿನಲ್ಲಿ ಕೂತ ನನಗೇ ಅನ್ನಿಸಿದ ಮೇಲೆ ಆ ಊರಿನವರಿಗೆ ಅನ್ನಿಸಿರದೇ ಇರುತ್ತದೆಯೇ?

ಆಟ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ನಡುರಾತ್ರಿ ದಾಟಿತ್ತು. ನಾನು ಮಲಗಿದ್ದೆ. ಬೆಳಿಗ್ಗೆ ಕಾಫಿಗೆ ಹಾಲಿಟ್ಟು ಫೋನ್ ನೋಡಿದರೆ ಮೊಮ್ಮಗನ ಸಂದೇಶ: ‘ತಾತ, ಸೋತ್ವಿ. 3-1.’

ಭಾನುವಾರ ಫೋನಿನಲ್ಲಿ ಅವನ ಮುಖ ಇನ್ನೂ ಊದಿಕೊಂಡೇ ಇತ್ತು. ‘ತಾತ, ಪೋರ್ಟ್ಸ್‌ಮತ್ ದೊಡ್ಡ ಟೀಮು ಅಂತ ಎಲ್ಲರಿಗೂ ಗೊತ್ತಿತ್ತು. ಸೋಲ್ತೀವಿ ಅಂತ ಗೊತ್ತಿದ್ದೂ ಯಾಕೆ ಹೋಗ್ಬೇಕು?’

ಅವನಿಗೆ ನಾನು ಉಪದೇಶ ಮಾಡಲಿಲ್ಲ. ಒಂದು ಕೆಲಸ ಕೊಟ್ಟೆ. ‘ಒಂದು ಹಾಳೆ ತಗೊಂಡು ಮೇಲೆ ಹೆರಿಫರ್ಡ್ ಅಂತ ಬರಿ. ಕೆಳಗೆ ನಮ್ಮನ್ನ ಸೋಲಿಸಿದವರ ಹೆಸರು ಬರಿ. ಅವರನ್ನ ಯಾರು ಸೋಲಿಸ್ತಾರೋ ಅವರ ಹೆಸರು ಅದರ ಕೆಳಗೆ. ಕಪ್ ಮುಗಿಯೋವರೆಗೂ ಬರೀತಾ ಹೋಗು.’

ಚಳಿಗಾಲವೆಲ್ಲ ನಮ್ಮಿಬ್ಬರಿಗೆ ಅದೇ ಆಟ. ಜನವರಿಯಲ್ಲಿ ಪೋರ್ಟ್ಸ್‌ಮತ್ ತಂಡವನ್ನು ಟಾಟನ್‌ಹ್ಯಾಮ್ 1-0ಯಿಂದ ಸೋಲಿಸಿತು. ಮೊಮ್ಮಗ ಕುಣಿದ. ಮಾರ್ಚ್‌ನಲ್ಲಿ ಟಾಟನ್‌ಹ್ಯಾಮ್‌ಗೆ ಶೆಫೀಲ್ಡ್ ಯುನೈಟೆಡ್ ಕೈಲಿ 0-1 ಸೋಲು. ಏಪ್ರಿಲ್‌ನಲ್ಲಿ ಸೆಮಿಫೈನಲ್, ಶೆಫೀಲ್ಡ್‌ನವರು ಮ್ಯಾಂಚೆಸ್ಟರ್ ಸಿಟಿಗೆ 0-3 ಸೋತರು. ಜೂನ್‌ನಲ್ಲಿ ಸಿಟಿ ಫೈನಲ್ ಗೆದ್ದು ಕಪ್ ಎತ್ತಿತು. ಅವನ ಹಾಳೆಯಲ್ಲಿ ಐದು ಹೆಸರು. ಐದರಲ್ಲಿ ನಾಲ್ಕು ಸೋತವರದ್ದು. ‘ತಾತ, ನಮ್ಮನ್ನ ಸೋಲಿಸಿದವರೂ ಸೋತ್ರು, ಅವರನ್ನ ಸೋಲಿಸಿದವರೂ ಸೋತ್ರು!’ ಅಂದ. ಹಾಳೆ ಈಗಲೂ ಅವನ ಕೋಣೆಯ ಗೋಡೆಯ ಮೇಲಿದೆಯಂತೆ.

ಅವನ ಪ್ರಶ್ನೆಗೆ ಉತ್ತರ ಆ ಹಾಳೆಯಲ್ಲಿ ಸ್ವಲ್ಪ ಇದೆ. ಉಳಿದದ್ದು ಅವನ ಸಂದೇಶದಲ್ಲೇ ಇತ್ತು. ಹತ್ತು ವರ್ಷದ ಹುಡುಗ, ಚೆಂಡನ್ನು ಮುಟ್ಟಿದವನೂ ಅಲ್ಲ. ‘ಹೆರಿಫರ್ಡ್ ಸೋತಿತು’ ಎಂದು ಬರೆಯಬಹುದಿತ್ತು. ‘ಸೋತ್ವಿ’ ಎಂದು ಬರೆದ. ಮುಚ್ಚಿಹೋದ ಕ್ಲಬ್ಬನ್ನು ಮತ್ತೆ ಕಟ್ಟಿದವರೂ ಹೀಗೆ ಮಾತಾಡುವ ಜನವೇ. ಗೆದ್ದಾಗ ಮಾತ್ರ ‘ನಾವು’, ಸೋತಾಗ ‘ಅವರು’ ಎನ್ನುವವರಿಂದ ಕ್ಲಬ್ಬು ಉಳಿಯುವುದಿಲ್ಲ. ಮನೆಯೂ ಉಳಿಯುವುದಿಲ್ಲ.

ಈಗ ತಾತಂದಿರಿಗೆ, ಅಜ್ಜಿಯರಿಗೆ ಒಂದು ಮಾತು. ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗುತ್ತೇವೆ. ಬಹುಮಾನ ಬಂದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂರುತ್ತೇವೆ. ಹೋಬಳಿ ಮಟ್ಟದ ಕಬಡ್ಡಿಯ, ಖೋ ಖೋದ ಮೊದಲ ಆಟಕ್ಕೆ ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ? ‘ಫೈನಲ್‌ಗೆ ಬಂದರೆ ಹೇಳು, ಬರ್ತೀನಿ’ ಎನ್ನುವುದು ರೂಢಿ. ಮೇಲಿನ ಲೆಕ್ಕ ನೋಡಿ. 64ರಲ್ಲಿ ಫೈನಲ್ ಕಾಣುವುದು ಎರಡು ತಂಡ. 32 ತಂಡಗಳ ಮಕ್ಕಳಿಗೆ ಮೊದಲ ಆಟವೇ ಫೈನಲ್. ನಾವು ಫೈನಲ್‌ಗೆ ಕಾದರೆ ಆ ಮಕ್ಕಳ ಆಟವನ್ನು ನೋಡುವವರೇ ಇರುವುದಿಲ್ಲ. ಮಂಡಿ ನೋವಿದ್ದರೆ ಮಡಚುವ ಕುರ್ಚಿ ಒಯ್ಯಿರಿ. ಒಂದು ಬಾಟಲಿ ನೀರು, ನಾಲ್ಕು ಕಿತ್ತಳೆ ಹಣ್ಣು ಇರಲಿ. ಆಟದ ನಿಯಮ ಗೊತ್ತಿರದಿದ್ದರೂ ಚಿಂತೆಯಿಲ್ಲ, ಪಕ್ಕದ ಹುಡುಗರು ಹೇಳಿಕೊಡುತ್ತಾರೆ. ಸೋತು ಬಂದ ಮಗುವಿಗೆ ಬುದ್ಧಿ ಹೇಳಬೇಡಿ. ಹಣ್ಣು ಸುಲಿದು ಕೊಡಿ.

ಮಕ್ಕಳೇ, ನಿಮಗೆ ಮನೆಗೆಲಸ. ನಿಮ್ಮ ತಂಡ ಮುಂದಿನ ಸಲ ಸೋತರೆ ನನ್ನ ಮೊಮ್ಮಗನ ಹಾಗೆ ಒಂದು ಹಾಳೆ ಶುರು ಮಾಡಿ, ಕೊನೆಯ ಹೆಸರಿನವರೆಗೂ ಬರೆಯಿರಿ. ಮತ್ತೆ ಈ ಲೆಕ್ಕ: ಪಂದ್ಯಾವಳಿಗೆ 100 ತಂಡಗಳು ಬಂದಿವೆ. ಕೆಲವರಿಗೆ ಮೊದಲ ಸುತ್ತಿನಲ್ಲಿ ಆಟವಿಲ್ಲದೆ ನೇರ ಎರಡನೇ ಸುತ್ತು ಸಿಗುತ್ತದೆ. ಒಟ್ಟು ಆಟ ಎಷ್ಟು? ಪೆನ್ಸಿಲ್ ಬೇಡ. ತಾತನನ್ನು ಕೇಳಿ, ಅವರು ಎಣಿಸಲು ಶುರು ಮಾಡುವ ಮೊದಲೇ ನೀವು ಉತ್ತರ ಹೇಳಿಬಿಡಿ.